ಶುಶ್ರೂಷಕಿಯರ ಕಾರ್ಯಸ್ಥಳ ಮಾರ್ಗದರ್ಶನ

ಶುಶ್ರೂಷಕಿಯರ ಕಾರ್ಯಸ್ಥಳ ಮಾರ್ಗದರ್ಶನವು ಹೆಚ್ಚಿನ ಅನುಭವವಿಲ್ಲದ ವಿಭಾಗದಲ್ಲಿ ಸೇವೆ ಸಲ್ಲಿಸಬೇಕಾದ ಶುಶ್ರೂಷಕಿಯರಿಗೆ, ಅವರು ಕೆಲಸ ಮಾಡುವ ಆಸ್ಪತ್ರೆಯಲ್ಲಿಯೇ ನುರಿತ ಶುಶ್ರೂಷಕಿಯೊಬ್ಬರು ನೀಡುವ ತರಬೇತಿಯಾಗಿದೆ. ಕರ್ನಾಟಕದಲ್ಲಿ ಈ ವಿಧಾನವನ್ನು ಮುಖ್ಯವಾಗಿ ಹೆರಿಗೆ ಹಾಗೂ ನವಜಾತ ಶಿಶುಗಳ ತುರ್ತು ಆರೈಕೆಗಾಗಿ ಬಳಸಲಾಯಿತು.

ಹಿನ್ನೆಲೆ

2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಮತ್ತು ಜನನಿ ಸುರಕ್ಷಾ ಯೋಜನೆಗಳು ಆರಂಭವಾದ ಬಳಿಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಹೆರಿಗೆಗಳು ಹೆಚ್ಚಿದವು. ರಾತ್ರಿ ವೇಳೆಯ ಹೆರಿಗೆಗಳ ಹೊಣೆ ಬಹುಮಟ್ಟಿಗೆ ಸ್ಟಾಫ್ ನರ್ಸ್‌ಗಳ ಮೇಲೆಯೇ ಬಿದ್ದಿತು. ವ್ಯಾಸಂಗದಲ್ಲಿ ಪ್ರಸೂತಿ ವಿಷಯವನ್ನು ಓದಿದ್ದರೂ, ಅತಿಯಾದ ರಕ್ತಸ್ರಾವ, ಅಪಸ್ಮಾರ, ಉಸಿರಾಡದ ಶಿಶು ಮೊದಲಾದ ತೊಡಕುಗಳನ್ನು ಒಬ್ಬರೇ ನಿಭಾಯಿಸುವ ಅಭ್ಯಾಸ ಅನೇಕರಿಗೆ ಇರಲಿಲ್ಲ. ಹೆರಿಗೆಯ ನಂತರದ ತೀವ್ರ ರಕ್ತಸ್ರಾವಕ್ಕೆ ಚಿಕಿತ್ಸೆ ದೊರೆಯದಿದ್ದರೆ ಸುಮಾರು 2 ಗಂಟೆಗಳಲ್ಲಿಯೇ ತಾಯಿ ಸಾಯಬಹುದು. ಆದುದರಿಂದ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯಂತಹ, ಜಿಲ್ಲಾ ಕೇಂದ್ರವಾದ ರಾಯಚೂರಿನಿಂದ ದೂರವಿರುವ ಊರುಗಳಲ್ಲಿ ಮೊದಲ ಚಿಕಿತ್ಸೆ ನೀಡುವವರ ಕೌಶಲವೇ ನಿರ್ಣಾಯಕವಾಗುತ್ತದೆ.

ಕೇಂದ್ರ ಸರ್ಕಾರವು ಇಂತಹ ಸಿಬ್ಬಂದಿಗೆ 21 ದಿನಗಳ ನುರಿತ ಪ್ರಸೂತಿ ಸಹಾಯಕರ ತರಬೇತಿಯನ್ನು ರೂಪಿಸಿದೆ. ಆದರೆ ದೊಡ್ಡ ಆಸ್ಪತ್ರೆಯಲ್ಲಿ ಕಲಿತದ್ದನ್ನು ಕಡಿಮೆ ಸಿಬ್ಬಂದಿ ಹಾಗೂ ಸೀಮಿತ ಸಲಕರಣೆಗಳಿರುವ ಕೇಂದ್ರದಲ್ಲಿ ಆಚರಣೆಗೆ ತರುವುದು ಬೇರೆಯೇ ಸವಾಲು.

ಸುಕ್ಷೇಮ ಯೋಜನೆ

ರಾಜ್ಯದ ಆರೋಗ್ಯ ಇಲಾಖೆಯ ಸಹಯೋಗದಲ್ಲಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಮೊದಲಾದ ಸಂಸ್ಥೆಗಳು ನಡೆಸಿದ ಸುಕ್ಷೇಮ ಯೋಜನೆಯು ರಾಯಚೂರು ಸೇರಿದಂತೆ ಉತ್ತರ ಕರ್ನಾಟಕದ 8 ಜಿಲ್ಲೆಗಳನ್ನು ಒಳಗೊಂಡಿತ್ತು. ಇದರ ಅಂಗವಾಗಿ 2012–13ರಲ್ಲಿ ಬಳ್ಳಾರಿ ಮತ್ತು ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಗಳಲ್ಲಿ ಕಾರ್ಯಸ್ಥಳ ಮಾರ್ಗದರ್ಶನವನ್ನು ಪರೀಕ್ಷಿಸಲಾಯಿತು. 54 ಕೇಂದ್ರಗಳಲ್ಲಿ ಮಾರ್ಗದರ್ಶನ ನೀಡಿ, ಅದಿಲ್ಲದ 54 ಕೇಂದ್ರಗಳೊಂದಿಗೆ ಹೋಲಿಸಲಾಯಿತು. ಮಾರ್ಗದರ್ಶನ ಪಡೆದ ಕೇಂದ್ರಗಳಲ್ಲಿ ಔಷಧ ಹಾಗೂ ಸಲಕರಣೆಗಳ ಸಿದ್ಧತೆಯೂ, ತೊಡಕುಗಳನ್ನು ಎದುರಿಸಲು ಸಿಬ್ಬಂದಿಗಿದ್ದ ತಿಳಿವಳಿಕೆಯೂ ಉತ್ತಮವಾಗಿದ್ದವು.

ತರಬೇತಿಯ ಮುಖ್ಯ ಅಂಶಗಳು

ಕೈಚಳಕದ ಅಭ್ಯಾಸ: ಉಸಿರಾಡದ ಶಿಶುವಿಗೆ ಜನಿಸಿದ 1 ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್ ಮೂಲಕ ಉಸಿರಾಟ ನೀಡಲು ಆರಂಭಿಸಬೇಕು. ಇದನ್ನು ಮೊದಲು ಗೊಂಬೆಯ ಮೇಲೆ ಪದೇ ಪದೇ ಅಭ್ಯಾಸ ಮಾಡಿಸಲಾಗುತ್ತದೆ.

ನಿಗದಿತ ಕ್ರಮ: ರಕ್ತಸ್ರಾವ ತಡೆಯಲು ಶಿಶು ಜನಿಸಿದ ಕೂಡಲೇ ತಾಯಿಗೆ 10 ಯೂನಿಟ್ ಆಕ್ಸಿಟೋಸಿನ್ ಚುಚ್ಚುಮದ್ದು ನೀಡಲಾಗುತ್ತದೆ, ಹೊಟ್ಟೆಯಲ್ಲಿ ಇನ್ನೊಂದು ಶಿಶುವಿಲ್ಲವೆಂದು ಮೊದಲು ಖಚಿತಪಡಿಸಿಕೊಳ್ಳಬೇಕು. ಹಂತಗಳು ಮರೆಯದಂತೆ ತಪಶೀಲು ಪಟ್ಟಿ ನೆರವಾಗುತ್ತದೆ.

ದಾಖಲೆ: ಹೆರಿಗೆಯ ಪ್ರಗತಿಯನ್ನು ಪಾರ್ಟೋಗ್ರಾಫ್ ಎಂಬ ನಕ್ಷೆಯಲ್ಲಿ ಗುರುತಿಸುವುದರಿಂದ ವಿಳಂಬವು ಬೇಗನೆ ಕಣ್ಣಿಗೆ ಬೀಳುತ್ತದೆ.

ಮಿತಿಯ ಅರಿವು: ತನ್ನ ಕೇಂದ್ರದಲ್ಲಿ ನಿಭಾಯಿಸಲಾಗದ ಸ್ಥಿತಿಯನ್ನು ಗುರುತಿಸಿ, ಮೊದಲ ಚಿಕಿತ್ಸೆ ನೀಡಿ, ಮೇಲಿನ ಆಸ್ಪತ್ರೆಗೆ ಮುಂಚಿತವಾಗಿ ತಿಳಿಸಿ, ವಿವರವಾದ ಚೀಟಿಯೊಂದಿಗೆ ಕಳುಹಿಸುವುದು ತರಬೇತಿಯ ಅವಿಭಾಜ್ಯ ಭಾಗ.

ಇತರ ವಿಭಾಗಗಳಲ್ಲಿ

ತೀವ್ರ ನಿಗಾ ಘಟಕ, ಡಯಾಲಿಸಿಸ್ ಮೊದಲಾದ ವಿಭಾಗಗಳಿಗೂ ಇದೇ ತತ್ವ ಅನ್ವಯಿಸುತ್ತದೆ. ಹೊಸಬರು ಮೊದಲು ನೋಡಿ ಕಲಿತು, ನಂತರ ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡಿ, ಕೌಶಲವನ್ನು ಪರೀಕ್ಷಿಸಿದ ಮೇಲೆ ಮಾತ್ರ ಸ್ವತಂತ್ರವಾಗಿ ಹೊಣೆ ಹೊರುವುದು ರೋಗಿಗೂ ಶುಶ್ರೂಷಕಿಗೂ ಸುರಕ್ಷಿತವಾದ ಕ್ರಮವಾಗಿದೆ.