ಕೆಗ್‌ನಿಂದ ಬಾಟಲಿಗೆ ಸೋಡಾ: ಯಾವ ಸಲಕರಣೆ ಕೊಳ್ಳಬೇಕು?

ಬಿಯರ್ ತಯಾರಕರು ಬಳಸುವಂಥ ಸ್ಟೀಲ್ ಕೆಗ್‌ನಲ್ಲಿ ಜೀರಾ ಸೋಡಾ, ಶುಂಠಿ-ನಿಂಬೆ ಸೋಡಾ ಮಾಡಿ ಗ್ಲಾಸಿಗೆ ಕೊಡುವುದು ಸುಲಭ. ತೊಂದರೆ ಬರುವುದು ಪಾರ್ಸೆಲ್‌ಗೆ ಬಾಟಲಿ ತುಂಬುವಾಗ. ಅರ್ಧ ನೊರೆಯಾಗಿ ಚೆಲ್ಲುತ್ತದೆ. ಗಿರಾಕಿ ಮನೆಯಲ್ಲಿ ತೆರೆದರೆ ಬರೀ ಸಕ್ಕರೆ ನೀರು. ಹೆಸರು ಕೆಡುವುದು ನಮ್ಮದೇ.

ಗ್ಯಾಸ್ ನೀರಿನಲ್ಲಿ ನಿಲ್ಲುವುದು ತಂಪು ಮತ್ತು ಒತ್ತಡದಿಂದ. ಆದ್ದರಿಂದ ಸೋಡಾ, ಬಾಟಲಿ ಎರಡನ್ನೂ 2ರಿಂದ 4 ಡಿಗ್ರಿಗೆ ತಣ್ಣಗೆ ಮಾಡಬೇಕು. ಅಷ್ಟು ಫ್ರಿಜ್ ಜಾಗವಿಲ್ಲದೆ ಯಾವ ಮೆಶಿನ್ ತಂದರೂ ದಂಡ.

ಅದೇ ದಿನ ಖರ್ಚಾಗುವ ಮಾಲಿಗೆ, ನಲ್ಲಿಗೆ ಸಿಕ್ಕಿಸಿ ಬಾಟಲಿಯ ತಳ ಮುಟ್ಟುವ ಉದ್ದ ನಳಿಕೆ ಸಾಕು. ರೆಗ್ಯುಲೇಟರ್‌ನಲ್ಲಿ ಒತ್ತಡ ತಗ್ಗಿಸಿ ನಿಧಾನವಾಗಿ ತುಂಬಬೇಕು. ಎರಡು-ಮೂರು ದಿನ ಫ್ರಿಜ್‌ನಲ್ಲಿ ಇಡುವುದಾದರೆ ಕೌಂಟರ್ ಪ್ರೆಶರ್ ಫಿಲ್ಲರ್ ಬೇಕು. ಅದು ಬಾಟಲಿಯ ಗಾಳಿ ಹೊರಹಾಕಿ, ಕೆಗ್‌ನಷ್ಟೇ ಒತ್ತಡದ ಗ್ಯಾಸ್ ತುಂಬಿಸಿ, ಆಮೇಲೆ ಸೋಡಾ ಇಳಿಸುತ್ತದೆ. ಕೆಲಸ ನಿಧಾನ, ನಷ್ಟ ಕಡಿಮೆ. ಬಿಯರ್ ಗನ್ ಗಾಳಿ ಓಡಿಸುತ್ತದೆ, ಒತ್ತಡ ಕಟ್ಟುವುದಿಲ್ಲ. ಸೋಡಾದಲ್ಲಿ ಬಿಯರಿಗಿಂತ ಗ್ಯಾಸ್ ಹೆಚ್ಚು. ಹಾಗಾಗಿ ನಮಗೆ ಅದು ಹೊಂದುವುದಿಲ್ಲ.

ಬಾಟಲಿಯಲ್ಲಿ ಮಾತ್ರ ಚೌಕಾಸಿ ಬೇಡ. ಸೋಡಾಕ್ಕೆಂದೇ ಮಾಡಿದ ಹೊಸ ಪೆಟ್ ಬಾಟಲಿಯನ್ನೇ ತರಿಸೋಣ. ನೀರಿನ ತೆಳು ಬಾಟಲಿ, ಬಿರುಕುಬಿಟ್ಟ ಗಾಜು ಸಿಡಿದರೆ ನಮ್ಮ ಹುಡುಗರ ಕಣ್ಣೇ ಹೋದೀತು. ತುಂಬುವವರಿಗೆ ಕನ್ನಡಕ ಕೊಡಬೇಕು. ಸಿಲಿಂಡರ್ ಆಹಾರ ದರ್ಜೆಯದಿರಲಿ. ಗಾಳಿಯಾಡುವ ಜಾಗದಲ್ಲಿ ಚೈನ್ ಹಾಕಿ ನೆಟ್ಟಗೆ ನಿಲ್ಲಿಸಬೇಕು.

ಬಾಟಲಿ ತುಂಬಿ ಮಾರುವ ಮುನ್ನ ನಮ್ಮ ಎಫ್‌ಎಸ್‌ಎಸ್‌ಎಐ ಲೈಸೆನ್ಸಿನಲ್ಲಿ ಈ ಬಾಬ್ತು ಸೇರಿದೆಯೇ, ಲೇಬಲ್ ಹೇಗಿರಬೇಕು ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು. ಮೊದಲು ಫ್ರಿಜ್, ಆಮೇಲೆ ಬಾಟಲಿ, ಕೊನೆಗೆ ಫಿಲ್ಲರ್: ಇದೇ ಕ್ರಮದಲ್ಲಿ ಹಣ ಹಾಕೋಣ.