ತಂತಿಯಿಂದ ಕ್ಲೌಡ್‌ವರೆಗೆ: ಅಜ್ಜಿಗೆ ತಿಳಿಯುವ ನೆಟ್‌ವರ್ಕ್ ಕನ್ನಡ

ಇವತ್ತಿನ ಮಾತು ಇಲ್ಲೇ ಹುಟ್ಟಿ ಬೆಳೆದ ನಿಮಗಾಗಿ. ಮನೆಯಲ್ಲಿ ವೈಫೈ ಕೈಕೊಟ್ಟರೆ ಸರಿಮಾಡುವವರು ನೀವು. ಊರಿನ ಅಜ್ಜಿ, ತಾತ ಫೋನಿನ ತೊಂದರೆ ಹೇಳಿಕೊಳ್ಳುವುದೂ ನಿಮ್ಮ ಹತ್ತಿರವೇ. ಆದರೆ ವಿವರಿಸಲು ಹೊರಟರೆ ಕೊನೆಯ ಕ್ರಿಯಾಪದ ಮಾತ್ರ ಕನ್ನಡ, ಉಳಿದದ್ದೆಲ್ಲ ಇಂಗ್ಲಿಷ್! ಫೋನಿನ ಮೂಲಕವೇ ಹಣ ಕಳವಾಗುವ ಈ ಕಾಲದಲ್ಲಿ ಅಜ್ಜಿಗೆ ಅರ್ಥವಾಗದೆ ಹೋದರೆ ಕಷ್ಟ. ಹಾಗಾಗಿ ಕೆಲವು ಪದಗಳನ್ನು ಬಿಡಿಸಿ ನೋಡೋಣ.

ಮೊದಲನೆಯದು ತಂತಿ. ವೀಣೆಯಲ್ಲಿರುವುದೂ ತಂತಿ, ಕರೆಂಟು ಹರಿಯುವುದೂ ತಂತಿ. ಟೆಲಿಗ್ರಾಮನ್ನೂ ನಮ್ಮವರು ತಂತಿ ಎಂದೇ ಕರೆದರು. 'ತಂತಿ ಬಂತು' ಎಂದರೆ ಮನೆಮಂದಿಗೆಲ್ಲ ಗಾಬರಿ. ಸಾವಿನ ಸುದ್ದಿ ಬರುತ್ತಿದ್ದುದು ಹಾಗೆಯೇ. ಸ್ಯಾಮ್ಯುಯೆಲ್ ಮೋರ್ಸ್ 1844ರ ಮೇ 24ರಂದು ತನ್ನ ಪ್ರಸಿದ್ಧ ತಂತಿ ಸಂದೇಶ ಕಳಿಸಿದ್ದು ನಮ್ಮ ವಾಷಿಂಗ್ಟನ್ನಿನ ಕ್ಯಾಪಿಟಲ್ ಕಟ್ಟಡದಿಂದ, ಬಾಲ್ಟಿಮೋರಿಗೆ. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಪದ ಉಳಿಯಿತು: ತಂತಿ ಬೇಡದ್ದು ನಿಸ್ತಂತು, ಅಂದರೆ ವೈರ್‌ಲೆಸ್.

ಇದೇ ವಾಷಿಂಗ್ಟನ್ನಿನಲ್ಲಿ 1880ರಲ್ಲಿ ಅಲೆಗ್ಸಾಂಡರ್ ಗ್ರಹಾಂ ಬೆಲ್ ತಂತಿಯಿಲ್ಲದೆ, ಬೆಳಕಿನ ಕಿರಣದ ಮೇಲೆ ಮಾತನ್ನು ಸುಮಾರು 200 ಮೀಟರ್ ದೂರ ಕಳಿಸಿದ. ಬಯಲಿನಲ್ಲಿ ಬೆಳಕಿಗೆ ಮಳೆ, ಮಂಜು ಅಡ್ಡ ಬರುತ್ತಿದ್ದವು. ಇಂದು ಮಾತು ಹೊತ್ತ ಬೆಳಕು ಗಾಜಿನ ಎಳೆಯೊಳಗೆ ಓಡುತ್ತದೆ. ಅದೇ ಆಪ್ಟಿಕಲ್ ಫೈಬರ್. ಉತ್ತರ ಕೆರೊಲೈನಾದ ವಿಲ್ಮಿಂಗ್ಟನ್ನಿನಲ್ಲಿ ಅದರ ದೊಡ್ಡ ಕಾರ್ಖಾನೆ ಇದೆ. ಅಜ್ಜಿಗೆ 'ಗಾಜಿನ ಎಳೆ' ಎಂದರೆ ಸಾಕು.

ಎಲ್ಲವನ್ನೂ ಕನ್ನಡ ಮಾಡಲೇಬೇಕೆಂದಿಲ್ಲ. ಮೋಡೆಮ್ ಎಂಬುದು ಇಂಗ್ಲಿಷಿನಲ್ಲೇ ಮಾಡ್ಯುಲೇಟರ್, ಡಿಮಾಡ್ಯುಲೇಟರ್ ಎಂಬೆರಡು ಪದಗಳ ಚೂರು ಸೇರಿ ಆದದ್ದು. ಕಂಪ್ಯೂಟರಿನ ಸೊನ್ನೆ-ಒಂದುಗಳನ್ನು ಫೋನ್ ಲೈನಿಗೆ ಒಗ್ಗುವ ಸದ್ದಾಗಿ ಬದಲಿಸುವುದು, ಆ ತುದಿಯಲ್ಲಿ ಸದ್ದನ್ನು ಮತ್ತೆ ಸೊನ್ನೆ-ಒಂದು ಮಾಡುವುದು ಅದರ ಕೆಲಸವಾಗಿತ್ತು. ಅಟ್ಲಾಂಟಾ ಕಡೆಯ ಹೇಯ್ಸ್ ಕಂಪನಿ 1981ರಲ್ಲಿ ತಂದ ಸ್ಮಾರ್ಟ್‌ಮೋಡೆಮ್ಮಿನ ವೇಗ ಸೆಕೆಂಡಿಗೆ 300 ಬಿಟ್. ಬಸ್ಸು, ರೈಲುಗಳಂತೆ ಮೋಡೆಮ್ಮೂ ಕನ್ನಡವೇ ಆಗಲಿ.

ಜಾಲ ಎಂದರೆ ಬಲೆ. ಜಾಲಗಳನ್ನು ಜೋಡಿಸುವ ಜಾಲ ಅಂತರಜಾಲ. ಅಂತರ್ಜಾಲ ಎಂದೂ ಬರೆಯುತ್ತಾರೆ. ಅದರಲ್ಲಿ ನಿಮ್ಮ ಫೋಟೋ ಇಡಿಯಾಗಿ ಹೋಗುವುದಿಲ್ಲ. ದಿನಸಿ ಅಂಗಡಿಯಲ್ಲಿ ಕಟ್ಟಿಕೊಡುವಂಥ ಸಣ್ಣ ಸಣ್ಣ ಪೊಟ್ಟಣಗಳಾಗಿ ಹೋಗುತ್ತದೆ. ಪ್ರತಿ ಪೊಟ್ಟಣದ ಮೇಲೂ ಸೇರಬೇಕಾದ ವಿಳಾಸ ಇರುತ್ತದೆ. ದಾರಿಯ ರೂಟರುಗಳು ವಿಳಾಸ ನೋಡಿ ಮುಂದಕ್ಕೆ ದಾಟಿಸುತ್ತವೆ. ಒಂದೊಂದು ಒಂದೊಂದು ದಾರಿ ಹಿಡಿದರೂ ಕೊನೆಗೆ ಕ್ರಮವಾಗಿ ಸೇರಿ ಫೋಟೋ ಮೂಡುತ್ತದೆ.

ಕ್ಲೌಡನ್ನು ಮೋಡ ಎಂದರೆ ಅಜ್ಜಿ ಆಕಾಶ ನೋಡುತ್ತಾರೆ! ಅದು ಇರುವುದು ನೆಲದ ಮೇಲೆ, ವರ್ಜೀನಿಯಾದ ಆಶ್‌ಬರ್ನ್, ಉತ್ತರ ಕೆರೊಲೈನಾದ ಲೆನೋರ್‌ನಂಥ ಊರುಗಳ ದೊಡ್ಡ ಕಟ್ಟಡಗಳಲ್ಲಿ. 'ನಮ್ಮ ಫೋಟೋಗಳನ್ನು ಇಟ್ಟಿರುವ ಉಗ್ರಾಣ' ಎನ್ನಿ, ತಟ್ಟನೆ ತಿಳಿಯುತ್ತದೆ.

ಇನ್ನು ಮುಖ್ಯವಾದ ಪದ, ಒಟಿಪಿ. ಪೊಲೀಸರೆಂದು ನಂಬಿಸಿ, ವಿಡಿಯೋ ಕರೆ ಮಾಡಿ, 'ಡಿಜಿಟಲ್ ಅರೆಸ್ಟ್' ಎಂದು ಹಿರಿಯರನ್ನು ಹೆದರಿಸಿ ಹಣ ಕೀಳುವವರು ಊರಿನಲ್ಲಿ ಹೆಚ್ಚಿದ್ದಾರೆ. ಭಾರತದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಈ ವಾರ ಫೋನ್ ಮಾಡಿದಾಗ ಹೀಗೆ ಹೇಳಿ: "ಅಜ್ಜಿ, ಒಟಿಪಿ ಅಂದ್ರೆ ಒಂದೇ ಸಲ ಕೆಲಸ ಮಾಡೋ ಬೀಗದ ಕೈ. ಬ್ಯಾಂಕಿನವರು ಅಂತ ಹೇಳಿಕೊಂಡು ಕೇಳಿದ್ರೂ ಕೊಡಬೇಡಿ. ಯಾರಾದ್ರೂ ಹೆದರಿಸಿದ್ರೆ ಫೋನ್ ಇಟ್ಟುಬಿಡಿ, ನಮಗೆ ಹೇಳಿ. ದುಡ್ಡು ಹೋದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ."

ಇಷ್ಟು ಕನ್ನಡ ನಿಮಗೆ ಬಂದರೆ, ಅಜ್ಜಿಯ ಉಳಿತಾಯ ಉಳಿದೀತು.