ತೆಂಗು ಉದ್ದಿಮೆಗಳ ಮೋಟಾರುಗಳಿಗೆ ಸೂಕ್ತ ರಕ್ಷಣೆ

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ನಾರಿನ ಘಟಕ, ತೆಂಗಿನ ಪುಡಿ ಕಾರ್ಖಾನೆ ಮತ್ತು ಎಣ್ಣೆ ಮಿಲ್ಲುಗಳಲ್ಲಿ ಯಂತ್ರ ಕೊಳ್ಳುವಾಗ ತೋರುವ ಎಚ್ಚರಿಕೆಯನ್ನು ಅನೇಕ ವೇಳೆ ಸ್ಟಾರ್ಟರ್ ಕೊಳ್ಳುವಾಗ ತೋರುವುದಿಲ್ಲ. ಮೋಟಾರು ಸುಟ್ಟಾಗ ರೀವೈಂಡಿಂಗ್ ಖರ್ಚಿಗಿಂತಲೂ ಕೆಲಸ ನಿಂತ ದಿನಗಳ ನಷ್ಟವೇ ಹೆಚ್ಚು. ಒಡೆದಿಟ್ಟ ಕಾಯಿ ದುರಸ್ತಿ ಮುಗಿಯುವವರೆಗೆ ಕೆಡದೆ ಉಳಿಯುವುದಿಲ್ಲ.

ಫ್ಯೂಸ್ ಇದ್ದರೆ ಸಾಕು ಎಂಬ ಭಾವನೆ ತಪ್ಪು. ಮೋಟಾರು ಚಾಲನೆಗೊಳ್ಳುವಾಗ ಪೂರ್ಣಭಾರ ಪ್ರವಾಹದ ಆರೇಳು ಪಟ್ಟು ಪ್ರವಾಹವನ್ನು ಎಳೆಯುತ್ತದೆ. ಇದನ್ನು ತಾಳುವ ಫ್ಯೂಸ್, ಭಾರ ಶೇಕಡಾ 20ರಷ್ಟು ಹೆಚ್ಚಿದರೆ ಕರಗದು. ಫ್ಯೂಸ್ ಇರುವುದು ಶಾರ್ಟ್ ಸರ್ಕ್ಯೂಟಿಗೆ. ಅಧಿಕ ಭಾರವನ್ನು ತಡೆಯುವುದು ಥರ್ಮಲ್ ಓವರ್‌ಲೋಡ್ ರಿಲೇ. ಎರಡೂ ಬೇಕು. ಫ್ಯೂಸಿಗೆ ಬದಲಾಗಿ ಎಂಸಿಬಿ ಹಾಕುವವರು ಗಮನಿಸಬೇಕಾದದ್ದೆಂದರೆ, 'ಸಿ' ವರ್ಗದ್ದು 5ರಿಂದ 10 ಪಟ್ಟು ಪ್ರವಾಹಕ್ಕೇ ತತ್‌ಕ್ಷಣ ಬೀಳುವುದರಿಂದ ಚಾಲನೆಯ ವೇಳೆಯಲ್ಲೇ ಬೀಳಬಹುದು. 10ರಿಂದ 20 ಪಟ್ಟಿಗೆ ಬೀಳುವ 'ಡಿ' ವರ್ಗ ಮೋಟಾರಿಗೆ ಒಪ್ಪುತ್ತದೆ. ಫ್ಯೂಸಿನ ಅಳತೆಯನ್ನು ಸ್ಟಾರ್ಟರ್ ತಯಾರಕರ ಕೋಷ್ಟಕದಿಂದಲೇ ಆರಿಸಬೇಕು. ಅದು ಪದೇಪದೇ ಹೋಗುತ್ತದೆಂದು ದಪ್ಪ ತಂತಿ ಸುತ್ತುವುದು, ಒಣ ನಾರು ಹರಡಿರುವ ಕಟ್ಟಡದಲ್ಲಿ ಬೆಂಕಿಗೆ ದಾರಿ.

ರಿಲೇಯನ್ನು ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರ್‌ಗೆ ಹೊಂದಿಸಬೇಕು. ಸ್ಟಾರ್-ಡೆಲ್ಟಾ ಸ್ಟಾರ್ಟರ್‌ಗಳಲ್ಲಿ ಇದೇ ಜಾಗದಲ್ಲಿ ಪ್ರಮಾದ ನಡೆಯುತ್ತದೆ. 20 ಅಶ್ವಶಕ್ತಿಯ ಮೋಟಾರಿನ ಫಲಕದಲ್ಲಿ 28 ಆಂಪಿಯರ್ ಎಂದಿದ್ದರೆ, ರಿಲೇ ವೈಂಡಿಂಗಿನ ಸರಣಿಯಲ್ಲಿ ಇರುವಾಗ ಅದರ ಮೂಲಕ ಹರಿಯುವುದು ಅದರ 0.58 ಭಾಗ, ಅಂದರೆ ಸುಮಾರು 16 ಆಂಪಿಯರ್ ಮಾತ್ರ. ಅಲ್ಲಿ 28ಕ್ಕೆ ತಿರುಗಿಸಿಟ್ಟ ರಿಲೇ ಇದ್ದೂ ಇಲ್ಲದಂತೆ. ಮುಖ್ಯ ತಂತಿಯಲ್ಲೇ ರಿಲೇ ಕೂತಿದ್ದರೆ ಪೂರ್ಣ ಪ್ರವಾಹಕ್ಕೇ ಹೊಂದಿಸತಕ್ಕದ್ದು. ಆದುದರಿಂದ ರಿಲೇ ಎಲ್ಲಿದೆಯೆಂದು ಮೊದಲು ಎಲೆಕ್ಟ್ರಿಷಿಯನ್‌ರಿಂದ ತಿಳಿದುಕೊಳ್ಳುವುದು ಉಚಿತ.

ನಾರು ಬಿಡಿಸುವ ಯಂತ್ರದ ಭಾರವಾದ ಉರುಳೆ ನಿಧಾನವಾಗಿ ವೇಗ ಪಡೆಯುತ್ತದೆ. ನಿಗದಿತ ಪ್ರವಾಹದ 7.2 ಪಟ್ಟಿನಲ್ಲಿ, ತಣ್ಣಗಿರುವ 10ನೆಯ ವರ್ಗದ ರಿಲೇ 4ರಿಂದ 10 ಸೆಕೆಂಡಿನಲ್ಲಿ ಬೀಳುತ್ತದೆ. 20ನೆಯ ವರ್ಗದ್ದು 6ರಿಂದ 20 ಸೆಕೆಂಡಿನಲ್ಲಿ. ಚಾಲನೆಯಲ್ಲೇ ರಿಲೇ ಬಿದ್ದರೆ ಆಂಪಿಯರ್ ಏರಿಸದೆ ವರ್ಗವನ್ನು ಬದಲಿಸುವುದು ಸರಿ, ಮೋಟಾರು ಅಷ್ಟು ಹೊತ್ತು ಬಿಸಿ ತಾಳುವುದಾದರೆ.

ಗ್ರಾಮಾಂತರ ಮಾರ್ಗಗಳಲ್ಲಿ ಒಂದು ಫೇಸ್ ಹೋಗುವುದು ಅಪರೂಪವಲ್ಲ. ಭಾರ ಅಷ್ಟೇ ಇದ್ದರೆ ಉಳಿದೆರಡು ತಂತಿಗಳ ಪ್ರವಾಹ ಸುಮಾರು 1.73 ಪಟ್ಟಾಗುತ್ತದೆ. ಫೇಸ್ ವ್ಯತ್ಯಾಸವನ್ನು ಗುರುತಿಸುವ ರಿಲೇ ಅಥವಾ ಪ್ರತ್ಯೇಕ ಸಿಂಗಲ್ ಫೇಸ್ ನಿವಾರಕ ಇರಲೇಬೇಕು. ಇದರಲ್ಲಿ ಉಳಿತಾಯ ನೋಡುವುದು ಜಾಣತನವಲ್ಲ.

ರಿಲೇಗೆ ಕಾಣದ ಒಂದು ಸಂಗತಿಯೂ ಉಂಟು. ನಾರಿನ ದೂಳು ಮೋಟಾರಿನ ರೆಕ್ಕೆಗಳ ನಡುವೆ ತುಂಬಿ ಗಾಳಿ ನಿಂತರೆ, ಪ್ರವಾಹ ಏರದೆಯೇ ವೈಂಡಿಂಗ್ ಕಾಯುತ್ತದೆ. ಪ್ರವಾಹವನ್ನಷ್ಟೇ ಅಳೆಯುವ ರಿಲೇಗೆ ಇದು ತಿಳಿಯದು. ರೀವೈಂಡಿಂಗ್ ಮಾಡಿಸುವಾಗ ಸುರುಳಿಯೊಳಗೆ ಥರ್ಮಿಸ್ಟರ್ ಕೂರಿಸಿ ಅದರ ರಿಲೇಯನ್ನು ಜೋಡಿಸಿದರೆ ಈ ಕೊರತೆ ನೀಗುತ್ತದೆ. ದೂಳು ಒರೆಸುವ ಕೆಲಸ ಮಾತ್ರ ತಪ್ಪದು.

ಬಿದ್ದ ರಿಲೇ ತಾನಾಗಿ ಮರಳುವ ವ್ಯವಸ್ಥೆಯನ್ನು ಇಂತಹ ಯಂತ್ರಗಳಲ್ಲಿ ಇಡಬಾರದು. ಆಟೋ ಸ್ವಿಚ್ ಜೋಡಿಸಿದ್ದಲ್ಲಿ, ಸಿಕ್ಕಿಕೊಂಡ ಮಟ್ಟೆಯನ್ನು ಕೆಲಸಗಾರ ಕೈಯಿಂದ ಬಿಡಿಸುತ್ತಿರುವಾಗಲೇ ಉರುಳೆ ತಿರುಗತೊಡಗಬಹುದು. ಗುಂಡಿಯನ್ನು ಕೈಯಿಂದಲೇ ಒತ್ತಿ ಮರುಹೊಂದಿಸುವಂತಿರಬೇಕು, ಅದೂ ಮುಖ್ಯ ಸ್ವಿಚ್ ಆರಿಸಿ ಕಾರಣವನ್ನು ನೋಡಿದ ನಂತರ.